ಅಪ್ಪನ ರಸಾಯನ, ಮಗಳ ಪ್ರಶ್ನೆ: ಕಮಲಾ ಸೊಹೊನಿ ಮತ್ತು ಆಹಾರ ವಿಜ್ಞಾನದ ಪರಂಪರೆ



ಈ ಉಪನ್ಯಾಸ ನಡೆಯುತ್ತಿರುವುದು ತಂದೆಯ ನೆನಪಿಗಾಗಿ ಮಕ್ಕಳು ಇಟ್ಟ ದತ್ತಿಯಲ್ಲಿ. ನಮ್ಮಲ್ಲಿ ದತ್ತಿಗಳಿಗೆ ಬರವಿಲ್ಲ. ವಚನ, ಕಾವ್ಯ, ಜಾನಪದ, ದಾಸಸಾಹಿತ್ಯ ಎಲ್ಲಕ್ಕೂ ದತ್ತಿಗಳಿವೆ. ವಿಜ್ಞಾನದ ಪಾಲಿಗೆ ಬಂದಿರುವುದು ಕಡಿಮೆ. ಅದರಲ್ಲೂ ಆಹಾರ ವಿಜ್ಞಾನಕ್ಕೆಂದು ಒಂದು ಸಂಜೆ ಮೀಸಲಾಗುವುದು ಅಪರೂಪ. ವಿಷಯದ ಆಯ್ಕೆಯನ್ನು ಸಂಘಟಕರು ನನಗೇ ಬಿಟ್ಟರು. ಅಪ್ಪನ ಹೆಸರಿನ ದತ್ತಿಯಲ್ಲಿ, ಅಪ್ಪನಿಂದ ಮಕ್ಕಳಿಗೆ ವಿಜ್ಞಾನ ಹೇಗೆ ದಾಟುತ್ತದೆ ಎಂಬುದನ್ನೇ ಮಾತಾಡೋಣ ಎಂದುಕೊಂಡೆ.

ಹೊಲ, ಮನೆ, ಅಂಗಡಿ ಮಕ್ಕಳಿಗೆ ಸಲ್ಲುತ್ತವೆ. ಸಂಗೀತದಲ್ಲಿ ಪಾಠಾಂತರ ಮನೆಯಲ್ಲೇ ನಡೆಯುತ್ತದೆ. ವಿಜ್ಞಾನದಲ್ಲಿ ಹಾಗಲ್ಲ. ಅಪ್ಪ ಕಂಡುಹಿಡಿದದ್ದು ಪ್ರಕಟವಾದ ಮರುದಿನದಿಂದ ಅದು ಎಲ್ಲರ ಸ್ವತ್ತು. ಅದನ್ನು ತಪ್ಪೆಂದು ತೋರಿಸುವ ಹಕ್ಕೂ ಎಲ್ಲರಿಗೂ ಉಂಟು. ಹಾಗಿದ್ದರೆ ವಿಜ್ಞಾನಿಯ ಮಗನಿಗೋ ಮಗಳಿಗೋ ವಿಶೇಷವಾಗಿ ಸಿಗುವುದು ಏನು? ನನ್ನ ಉತ್ತರ ಇಷ್ಟು: ಸಿಗುವುದು ತೀರ್ಮಾನಗಳಲ್ಲ, ಒಂದು ಬಗೆಯ ಧೈರ್ಯ. ಪ್ರಯೋಗಶಾಲೆ ನಮ್ಮಂಥವರಿಗೂ ಸೇರಿದ ಜಾಗ ಎಂಬ ಸಲಿಗೆ. ಆ ಸಲಿಗೆಯನ್ನು ಮಕ್ಕಳು ಯಾವ ಪ್ರಶ್ನೆಗೆ ಖರ್ಚು ಮಾಡುತ್ತಾರೆ ಎಂಬುದರ ಮೇಲೆ ಪರಂಪರೆ ಬೆಳೆಯಿತೋ ಒಣಗಿತೋ ಎಂದು ಹೇಳಬಹುದು. ಇದಕ್ಕೆ ನಾನು ಆರಿಸಿಕೊಂಡ ಉದಾಹರಣೆ ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ ಅವರದು.

ಟಾಟಾ ಇನ್‌ಸ್ಟಿಟ್ಯೂಟಿನ ಬಾಗಿಲು

ಮದುವೆಗೆ ಮೊದಲು ಕಮಲಾ ಭಾಗವತ್ ಆಗಿದ್ದ ಅವರು ಹುಟ್ಟಿದ್ದು 1911ರಲ್ಲಿ, ಇಂದೋರಿನಲ್ಲಿ. ನಾವು ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡದ್ದೂ 1911ರಲ್ಲೇ. ಜಮ್ಷೆಟ್‌ಜಿ ಟಾಟಾ ಅವರ ಕನಸು, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ಜಮೀನು, ಎರಡೂ ಸೇರಿ ಎದ್ದ ಸಂಸ್ಥೆ ಅದು. ಕಮಲಾ ಅವರ ತಂದೆ ನಾರಾಯಣರಾವ್ ಭಾಗವತ್, ಚಿಕ್ಕಪ್ಪ ಮಾಧವರಾವ್ ಭಾಗವತ್ ಇಬ್ಬರೂ ಅಲ್ಲಿ ರಸಾಯನ ವಿಜ್ಞಾನ ಕಲಿತ ಮೊದಮೊದಲ ತಲೆಮಾರಿನವರು. ಮನೆಯಲ್ಲಿ ಇಬ್ಬರು ರಸಾಯನಜ್ಞರು, ಇಬ್ಬರೂ ಒಂದೇ ಸಂಸ್ಥೆಯವರು. ಮಗಳು ಅದೇ ದಾರಿ ಹಿಡಿದದ್ದರಲ್ಲಿ ಅಚ್ಚರಿಯಿಲ್ಲ. ಇನ್ನೊಬ್ಬ ಮಗಳು ದುರ್ಗಾ ಭಾಗವತ್ ಜಾನಪದ ಮತ್ತು ಸಾಹಿತ್ಯದ ಕಡೆ ಹೋದರು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1975ರ ಕರಾಡದ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ ಎದೆಗೊಟ್ಟು ಮಾತಾಡಿದ ಲೇಖಕಿ ಅವರೇ. ಆ ಮನೆಯ ಹೆಣ್ಣುಮಕ್ಕಳ ನಿಲುವು ಎಂಥದು ಎಂಬುದಕ್ಕೆ ಇಷ್ಟು ಸಾಕು.

1933ರಲ್ಲಿ ಕಮಲಾ ಮುಂಬೈ ವಿಶ್ವವಿದ್ಯಾಲಯದಿಂದ ಬಿ.ಎಸ್‌ಸಿ. ಮುಗಿಸಿ, ಉತ್ತಮ ಅಂಕಗಳೊಡನೆ ಬೆಂಗಳೂರಿಗೆ ಅರ್ಜಿ ಹಾಕಿದರು. ಆ ವರ್ಷವೇ ಸಿ.ವಿ. ರಾಮನ್ ಸಂಸ್ಥೆಯ ನಿರ್ದೇಶಕರಾಗಿ ಬಂದಿದ್ದರು. ಹೆಣ್ಣು ಎಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಯಿತು. ಅಪ್ಪ, ಚಿಕ್ಕಪ್ಪ ಇಬ್ಬರೂ ಕೇಳಿಕೊಂಡರು. ಸಂಸ್ಥೆಯ ಹಳೆಯ ವಿದ್ಯಾರ್ಥಿಗಳ ಮಾತಿಗೂ ಬೆಲೆ ಸಿಗಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಪ್ಪನ ಹೆಸರು ಮಗಳನ್ನು ಬಾಗಿಲವರೆಗೆ ಕರೆತಂದಿತು. ಬಾಗಿಲು ತೆಗೆಸಲು ಆ ಹೆಸರಿಗೆ ಆಗಲಿಲ್ಲ. ತೆಗೆಸಿದ್ದು ಮಗಳ ಹಠ. ಗಾಂಧಿಯುಗದ ಹುಡುಗಿ ಬೆಂಗಳೂರಿಗೆ ಬಂದು, ಕಾರಣ ಕೊಡಿ ಎಂದು ನಿರ್ದೇಶಕರ ಮುಂದೆ ಸತ್ಯಾಗ್ರಹಕ್ಕೇ ನಿಂತಳು. ಕೊನೆಗೆ ಪ್ರವೇಶ ಸಿಕ್ಕಿತು, ಷರತ್ತುಗಳೊಡನೆ. ಮೊದಲ ವರ್ಷ ಪರೀಕ್ಷಾರ್ಥ, ನಿಯಮಿತ ವಿದ್ಯಾರ್ಥಿ ಅಲ್ಲ. ಮಾರ್ಗದರ್ಶಕರು ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ ಮಾಡಬೇಕು. ಗಂಡು ಸಂಶೋಧಕರ ಏಕಾಗ್ರತೆಗೆ ಭಂಗ ತರಬಾರದು. ಒಂದು ವರ್ಷದ ಕೆಲಸ ನೋಡಿದ ಮೇಲೆ ರಾಮನ್ ಒಪ್ಪಿದರು. ಮುಂದೆ ಸಂಸ್ಥೆ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳತೊಡಗಿತು. ಆದರೆ ಆ ಅವಮಾನವನ್ನು ಕಮಲಾ ಮರೆಯಲಿಲ್ಲ. ಆರು ದಶಕಗಳ ನಂತರ ಮಹಿಳಾ ವಿಜ್ಞಾನಿಗಳ ಸಭೆಯೊಂದರಲ್ಲಿ, ರಾಮನ್ ಮಹಾ ವಿಜ್ಞಾನಿ ನಿಜ, ಆದರೆ ಮನಸ್ಸು ಸಂಕುಚಿತ ಎಂಬ ಅರ್ಥದ ಮಾತನ್ನು ನೇರವಾಗಿಯೇ ಆಡಿದರು. ರಾಮನ್ ಅವರ ನೊಬೆಲ್ ಬಗ್ಗೆ ನಮಗಿರುವ ಹೆಮ್ಮೆಗೆ ಇದರಿಂದ ಕುಂದಿಲ್ಲ. ಎರಡೂ ಸತ್ಯವೇ, ಎರಡನ್ನೂ ನಾವು ಹೇಳುತ್ತಿರಬೇಕು.

ಸಾರಜನಕದ ಲೆಕ್ಕ

ಅಷ್ಟು ಹೋರಾಡಿ ಒಳಗೆ ಹೋದ ಹುಡುಗಿ ಮಾಡಿದ್ದೇನು? ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಹಿಡಿದು ಕೂತರು. ಶ್ರೀನಿವಾಸಯ್ಯ ಕಟ್ಟುನಿಟ್ಟಿನ ಮೇಷ್ಟ್ರು; ಆದರೆ ಶಿಷ್ಯೆ ಹೆಣ್ಣೆಂದು ತೂಕದಲ್ಲಿ ವ್ಯತ್ಯಾಸ ಮಾಡಿದವರಲ್ಲ. ಗುರುಶಿಷ್ಯರು ಸೇರಿ ಪ್ರಕಟಿಸಿದ ಕೆಲಸದಲ್ಲಿ ಒಂದು, ಬೇಳೆಕಾಳುಗಳಲ್ಲಿರುವ ಪ್ರೋಟೀನೇತರ ಸಾರಜನಕವನ್ನು ಕುರಿತದ್ದು. ಹೆಸರು ಕೇಳಿದರೆ ಒಣ ವಿಷಯ ಅನ್ನಿಸುತ್ತದೆ. ಸಮೀಪದಿಂದ ನೋಡೋಣ.

ತೊಗರಿಬೇಳೆಯಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಪೊಟ್ಟಣದ ಮೇಲೆ ಅಚ್ಚಾಗಿರುತ್ತದಲ್ಲ, ಆ ಸಂಖ್ಯೆ ಎಲ್ಲಿಂದ ಬಂತು? ಡೆನ್ಮಾರ್ಕಿನ ಯೋಹಾನ್ ಕೆಲ್ಡಾಲ್ 1883ರಲ್ಲಿ ಕೊಟ್ಟ ವಿಧಾನ ಇಂದಿಗೂ ಬಳಕೆಯಲ್ಲಿದೆ. ಬೇಳೆಯ ಪುಡಿಯನ್ನು ಸಾಂದ್ರ ಗಂಧಕಾಮ್ಲದಲ್ಲಿ ಗಂಟೆಗಟ್ಟಲೆ ಕುದಿಸುತ್ತಾರೆ. ಮೊದಲು ಕರ್ರಗಾದ ದ್ರವ ಕ್ರಮೇಣ ತಿಳಿಯಾಗುತ್ತದೆ. ಅಷ್ಟರಲ್ಲಿ ಸಾರಜನಕವೆಲ್ಲ ಅಮೋನಿಯಂ ಲವಣವಾಗಿ ಕೂತಿರುತ್ತದೆ. ಕ್ಷಾರ ಹಾಕಿ ಬಟ್ಟಿ ಇಳಿಸಿದರೆ ಅಮೋನಿಯಾ ಹೊರಬರುತ್ತದೆ. ಅದನ್ನು ಆಮ್ಲದಲ್ಲಿ ಹಿಡಿದು ಅಳೆಯುತ್ತಾರೆ. ಪ್ರೋಟೀನಿನಲ್ಲಿ ಸಾರಜನಕ ಸರಿಸುಮಾರು ಶೇ. 16 ಎಂಬ ಲೆಕ್ಕದ ಮೇಲೆ ಸಿಕ್ಕ ಸಂಖ್ಯೆಯನ್ನು 6.25ರಿಂದ ಗುಣಿಸಿದರೆ ಪ್ರೋಟೀನಿನ ಪ್ರಮಾಣ. ಅಂದರೆ ನಾವು ಪ್ರೋಟೀನನ್ನು ಅಳೆಯುತ್ತಿಲ್ಲ. ಸಾರಜನಕವನ್ನು ಅಳೆದು ಪ್ರೋಟೀನನ್ನು ಊಹಿಸುತ್ತಿದ್ದೇವೆ. ಪ್ರೋಟೀನ್ ಅಲ್ಲದ ವಸ್ತುಗಳಲ್ಲೂ ಸಾರಜನಕ ಇದ್ದರೆ ಊಹೆ ಉಬ್ಬುತ್ತದೆ. ಹಾಲು, ಮೊಟ್ಟೆ, ಮಾಂಸ ಕೈಗೆಟುಕದ ಮನೆಗೆ ಬೇಳೆಯೇ ಪ್ರೋಟೀನಿನ ಆಧಾರ. ಆ ಬೇಳೆಯ ಲೆಕ್ಕದಲ್ಲಿ ಎಷ್ಟು ನಿಜ, ಎಷ್ಟು ಉಬ್ಬು ಎಂದು ಕೇಳುವುದು ಬಡವರ ತಟ್ಟೆಯ ಲೆಕ್ಕ ಕೇಳಿದಂತೆಯೇ.

ಈ ಪ್ರಶ್ನೆ ಹಳತಾಗಿಲ್ಲ. 2008ರಲ್ಲಿ ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಮೆಲಮೈನ್ ಸೇರಿಸಿದರು. ಮೆಲಮೈನ್ ಪ್ಲಾಸ್ಟಿಕ್ ಉದ್ಯಮದ ರಾಸಾಯನಿಕ, ಅದರಲ್ಲಿ ಸಾರಜನಕ ಹೇರಳ. ಪರೀಕ್ಷೆಯಲ್ಲಿ ಹಾಲು ಪ್ರೋಟೀನ್‌ಭರಿತವಾಗಿ ಕಂಡಿತು. ಸುಮಾರು 3 ಲಕ್ಷ ಹಸುಗೂಸುಗಳು ಕಾಯಿಲೆ ಬಿದ್ದವು, 6 ಮಕ್ಕಳು ಸತ್ತವು. ಸಾರಜನಕವೆಲ್ಲ ಪ್ರೋಟೀನ್ ಅಲ್ಲ ಎಂಬ ಪಾಠ 1930ರ ದಶಕದ ಬೆಂಗಳೂರಿನ ಪ್ರಯೋಗಶಾಲೆಗೆ ಎಷ್ಟು ಮುಖ್ಯವಾಗಿತ್ತೋ ಇಂದಿನ ಡೇರಿಗೂ ಅಷ್ಟೇ ಮುಖ್ಯ.

ಅಪ್ಪ ಮತ್ತು ಚಿಕ್ಕಪ್ಪನಿಂದ ಬಂದದ್ದು ರಸಾಯನ ವಿಜ್ಞಾನ. ಅದನ್ನು ಹಾಲು ಬೇಳೆಯ ಕಡೆ ತಿರುಗಿಸಿದವರು ಕಮಲಾ. 1936ರಲ್ಲಿ ಎಂ.ಎಸ್‌ಸಿ. ಪದವಿ ಬಂತು, ವಿಶೇಷ ಮನ್ನಣೆಯೊಡನೆ.

ಹಾಪ್‌ಕಿನ್ಸ್ ಮನೆ

ಅಲ್ಲಿಂದ ಕೇಂಬ್ರಿಜ್. ಡೆರೆಕ್ ರಿಕ್ಟರ್ ಅವರ ಬಳಿ ಕೆಲಸ ಶುರುಮಾಡಿ, ನಂತರ ರಾಬಿನ್ ಹಿಲ್ ಅವರ ಜೊತೆ ಸಸ್ಯ ಅಂಗಾಂಶಗಳ ಉಸಿರಾಟದ ಅಧ್ಯಯನ. ಪ್ರಾಣಿಕೋಶಗಳ ಉಸಿರಾಟದಲ್ಲಿ ಸೈಟೋಕ್ರೋಮ್ ಎಂಬ ಬಣ್ಣದ ಪ್ರೋಟೀನುಗಳ ಪಾತ್ರವನ್ನು ಅದೇ ಕೇಂಬ್ರಿಜ್‌ನಲ್ಲಿ ಡೇವಿಡ್ ಕೀಲಿನ್ 1925ರಲ್ಲಿ ತೋರಿಸಿದ್ದರು. ಕಮಲಾ ಆಲೂಗಡ್ಡೆ ಹಿಡಿದು, ಸಸ್ಯಗಳಲ್ಲೂ ಈ ವ್ಯವಸ್ಥೆ ನಡೆಯುತ್ತದೆ ಎಂದು ತೋರಿಸಿದರು. 14 ತಿಂಗಳ ಕೆಲಸ, 40 ಪುಟದ ಪ್ರಬಂಧ, 1939ರಲ್ಲಿ ಪಿಎಚ್.ಡಿ. ವಿಜ್ಞಾನದಲ್ಲಿ ಈ ಪದವಿ ಪಡೆದ ಮೊದಮೊದಲ ಭಾರತೀಯ ಮಹಿಳೆಯರಲ್ಲಿ ಅವರೊಬ್ಬರು. ಪ್ರಬಂಧದ ದಪ್ಪದ ಮೇಲೆ ವಿದ್ವತ್ತು ಅಳೆಯುವ ನಮ್ಮ ವಿಶ್ವವಿದ್ಯಾಲಯಗಳು ಆ 40 ಪುಟವನ್ನು ಗಮನಿಸಬೇಕು.

ಕಮಲಾ ಕೆಲಸ ಮಾಡಿದ ಜೀವರಸಾಯನ ವಿಭಾಗದ ಮುಖ್ಯಸ್ಥರು ಫ್ರೆಡರಿಕ್ ಗೌಲಂಡ್ ಹಾಪ್‌ಕಿನ್ಸ್. ಶುದ್ಧೀಕರಿಸಿದ ಪ್ರೋಟೀನ್, ಪಿಷ್ಟ, ಕೊಬ್ಬು, ಲವಣ ಮಾತ್ರ ತಿಂದ ಇಲಿಮರಿಗಳ ಬೆಳವಣಿಗೆ ನಿಂತದ್ದನ್ನೂ, ಚೂರು ಹಾಲು ಕೊಟ್ಟೊಡನೆ ಅವು ಮತ್ತೆ ಬೆಳೆದದ್ದನ್ನೂ 1912ರಲ್ಲಿ ತೋರಿಸಿದವರು. ಜೀವಸತ್ವಗಳ ಆ ಕೆಲಸಕ್ಕೆ 1929ರಲ್ಲಿ ನೊಬೆಲ್ ಬಂತು. ಆಗಿನ ಕೇಂಬ್ರಿಜ್ ಹೆಣ್ಣುಮಕ್ಕಳ ವಿಷಯದಲ್ಲಿ ಉದಾರವಾಗಿತ್ತು ಎಂದುಕೊಳ್ಳಬೇಡಿ. ಅವರಿಗೆ ಪೂರ್ಣ ಪದವಿಯ ಹಕ್ಕು ಕೊಟ್ಟದ್ದು 1948ರಲ್ಲಿ. ಆದರೆ ಹಾಪ್‌ಕಿನ್ಸ್ ವಿಭಾಗ ಮಾತ್ರ ಅಪವಾದ. ಅಲ್ಲಿ ಹೆಣ್ಣುಮಕ್ಕಳು ಸಾಕಷ್ಟು ಸಂಖ್ಯೆಯಲ್ಲಿ ಸಂಶೋಧನೆ ಮಾಡುತ್ತಿದ್ದರು. ಹಾಪ್‌ಕಿನ್ಸ್ ಅವರ ಸ್ವಂತ ಮಗಳು ಬಾರ್ಬರಾ ಹೋಮ್ಸ್ ಕೂಡ ಜೀವರಸಾಯನ ವಿಜ್ಞಾನಿಯೇ. ಅವರು ಅಪ್ಪನ ಜೀವಸತ್ವಗಳನ್ನೇ ಮುಂದುವರಿಸುತ್ತ ಕೂರಲಿಲ್ಲ. ಅಂಗಾಂಶಗಳ ಮೇಲೆ ವಿಕಿರಣದ ಪರಿಣಾಮ, ಕ್ಯಾನ್ಸರ್ ಕೋಶ ಎಂದು ತಮ್ಮದೇ ದಾರಿ ಹಿಡಿದರು. ಅಪ್ಪನಿಂದ ಬಂದದ್ದು ಕೆಲಸ ಮಾಡುವ ರೀತಿ. ಕೆಲಸದ ವಸ್ತುವನ್ನು ಅವರೇ ಆರಿಸಿಕೊಂಡರು.

ಅವರೆಕಾಳಿನ ಒಳಗುಟ್ಟು

ಹೊರದೇಶದಲ್ಲಿ ಕೆಲಸದ ಆಹ್ವಾನಗಳಿದ್ದರೂ ಕಮಲಾ 1939ರಲ್ಲಿ ಹಿಂತಿರುಗಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಹೊಸದಾಗಿ ತೆರೆದ ಜೀವರಸಾಯನ ವಿಭಾಗದ ಮುಖ್ಯಸ್ಥೆ, ನಂತರ ನೀಲಗಿರಿಯ ಕೂನೂರಿನ ಪೌಷ್ಟಿಕ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕಿ. 1947ರಲ್ಲಿ ಎಂ.ವಿ. ಸೊಹೊನಿ ಅವರೊಡನೆ ಮದುವೆಯಾಗಿ ಮುಂಬೈಗೆ ಬಂದು, ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ನೆಲೆನಿಂತರು. ಅಲ್ಲಿ ವಿದ್ಯಾರ್ಥಿಗಳೊಡನೆ ಮಾಡಿದ ಕೆಲಸದಲ್ಲಿ ನಮಗೆ, ಅದರಲ್ಲೂ ಹಳೆ ಮೈಸೂರಿನವರಿಗೆ, ತೀರಾ ಹತ್ತಿರದ್ದೊಂದಿದೆ: ಅವರೆಕಾಳಿನ ಅಧ್ಯಯನ.

ಪ್ರೋಟೀನ್ ಇದ್ದರೆ ಸಾಲದು, ಅದು ಅರಗಬೇಕು. ಮೇದೋಜೀರಕ ಗ್ರಂಥಿ ಟ್ರಿಪ್ಸಿನ್ ಎಂಬ ಕಿಣ್ವವನ್ನು ಸಣ್ಣ ಕರುಳಿಗೆ ಬಿಡುತ್ತದೆ. ಪ್ರೋಟೀನಿನ ಸರಪಳಿಯನ್ನು ಕತ್ತರಿಸುವುದು ಅದರ ಕೆಲಸ. ಕಾಳುಗಳಲ್ಲಿ ಟ್ರಿಪ್ಸಿನ್ ಪ್ರತಿರೋಧಕ ಎಂಬ ಚಿಕ್ಕ ಪ್ರೋಟೀನುಗಳಿರುತ್ತವೆ. ಬೀಗದ ಕಿಂಡಿಯಲ್ಲಿ ಮುರಿದ ಕೀಲಿ ಸಿಕ್ಕಿಕೊಂಡ ಹಾಗೆ ಅವು ಕಿಣ್ವದೊಳಗೆ ಕೂತುಬಿಡುತ್ತವೆ. ಕಿಣ್ವ ಇದ್ದೂ ಇಲ್ಲದಂತಾಗುತ್ತದೆ. ಹುಳಹುಪ್ಪಟೆಯಿಂದ ಬೀಜವನ್ನು ಕಾಯಲು ಗಿಡ ಮಾಡಿಕೊಂಡ ಏರ್ಪಾಟು ಅದು. ಹಸಿ ಸೋಯಾ ತಿಂದ ಇಲಿಗಳು ಸೊರಗಿ, ಬೇಯಿಸಿದ ಸೋಯಾ ತಿಂದವು ಬೆಳೆದದ್ದನ್ನು ಅಮೆರಿಕದ ಆಸ್ಬರ್ನ್ ಮತ್ತು ಮೆಂಡೆಲ್ 1917ರಲ್ಲೇ ಕಂಡಿದ್ದರು. ಸೊಹೊನಿ ತಂಡ 1950ರ ದಶಕದಲ್ಲಿ ಭಾರತದ ಕಾಳುಗಳತ್ತ ತಿರುಗಿತು. ಅವರೆ, ಡಬಲ್ ಬೀನ್‌ಗಳಿಂದ ಪ್ರತಿರೋಧಕಗಳನ್ನು ಬೇರ್ಪಡಿಸಿ, ಶುದ್ಧಗೊಳಿಸಿ, ಗುಣಗಳನ್ನು ದಾಖಲಿಸಿತು. ಕೆಂಪು ರಕ್ತಕಣಗಳನ್ನು ಗಂಟುಕಟ್ಟಿಸುವ ಇನ್ನೊಂದು ಬಗೆಯ ಪ್ರೋಟೀನನ್ನೂ ಅವರೆಯಲ್ಲಿ ಹುಡುಕಿತು.

ಮಾಗಿಯಲ್ಲಿ ನಮ್ಮ ಅಡುಗೆಮನೆಗಳಲ್ಲಿ ನಡೆಯುವುದನ್ನು ನೆನೆಯಿರಿ. ಅವರೆಕಾಳನ್ನು ರಾತ್ರಿಯಿಡೀ ನೆನೆಹಾಕುತ್ತಾರೆ. ಬೆಳಗ್ಗೆ ಮನೆಯವರೆಲ್ಲ ಕೂತು ಸಿಪ್ಪೆ ಹಿತುಕುತ್ತಾರೆ, ನೆನೆದ ನೀರು ಚೆಲ್ಲುತ್ತಾರೆ. ಆಮೇಲೆ ಬೇಳೆ ಚೆನ್ನಾಗಿ ಬೇಯಬೇಕು. ನೀರಿನಲ್ಲಿ ನೆನೆದು ಬೆಂದಾಗ ಈ ತಡೆಗಳು ಬಹುಪಾಲು ಕಳೆದುಹೋಗುತ್ತವೆ. ಅಜ್ಜಿಗೆ ಎಲ್ಲ ಗೊತ್ತಿತ್ತು ಎಂದು ನಾನು ಹೇಳಲಾರೆ. ಹೀಗೆ ಮಾಡಿದರೆ ಹೊಟ್ಟೆ ಕೆಡುವುದಿಲ್ಲ ಎಂಬುದು ಗೊತ್ತಿತ್ತು; ಯಾಕೆ ಎಂಬುದು ಗೊತ್ತಿರಲಿಲ್ಲ. ಆ ‘ಯಾಕೆ’ಗೆ ಉತ್ತರ ಸಿಕ್ಕಾಗ ರೂಢಿ ಜ್ಞಾನವಾಗುತ್ತದೆ. ಆಗ ಅದನ್ನು ಅಂಗನವಾಡಿಯ ಅಡುಗೆಗೂ ಮಗುವಿನ ಆಹಾರದ ಪುಡಿಗೂ ಲೆಕ್ಕಹಾಕಿ ಅನ್ವಯಿಸಬಹುದು.

ಸೊಹೊನಿ ಅವರ ಇನ್ನೊಂದು ಕೆಲಸ ನೀರಾ, ಅಂದರೆ ಹುಳಿಯುವ ಮೊದಲಿನ ತಾಳೆರಸದ ಮೇಲಿನದು. ಈ ಸಂಶೋಧನೆ ಕೈಗೊಳ್ಳಲು ಸೂಚಿಸಿದವರು ರಾಷ್ಟ್ರಪತಿ ರಾಜೇಂದ್ರ ಪ್ರಸಾದ್. ನೀರಾದಲ್ಲಿ ಜೀವಸತ್ವ ಸಿ, ಕಬ್ಬಿಣ ಮೊದಲಾದ ಪೋಷಕಾಂಶಗಳಿವೆ ಎಂದು ಕಂಡುಕೊಂಡದ್ದಷ್ಟೇ ಅಲ್ಲ, ಆದಿವಾಸಿ ಸಮುದಾಯಗಳ ಅಪೌಷ್ಟಿಕ ಮಕ್ಕಳಿಗೂ ಗರ್ಭಿಣಿಯರಿಗೂ ಅದನ್ನು ಕೊಟ್ಟು ಆರೋಗ್ಯ ಸುಧಾರಿಸಿದ್ದನ್ನು ದಾಖಲಿಸಿದರು. ಅದಕ್ಕೆ ರಾಷ್ಟ್ರಪತಿ ಪುರಸ್ಕಾರ ಬಂತು. ಮುಂಬೈ ಸಂಸ್ಥೆಯ ನಿರ್ದೇಶಕಿಯ ಹುದ್ದೆ ಮಾತ್ರ ಒಳರಾಜಕೀಯದಿಂದ ವರ್ಷಗಟ್ಟಲೆ ತಡವಾಗಿ ಬಂತು.

ಮಗ ಅಪ್ಪನನ್ನು ಪರೀಕ್ಷಿಸಿದಾಗ

ಪರಂಪರೆಗೆ ಇನ್ನೊಂದು ಮುಖವೂ ಇದೆ. ಕೆನಡಾದ ಮನೋವೈದ್ಯ ಏಬ್ರಾಮ್ ಹಾಫರ್ ಮೊದಲು ಕೃಷಿ ರಸಾಯನದಲ್ಲಿ ಡಾಕ್ಟರೇಟ್ ಪಡೆದವರು. ನಯಾಸಿನ್ ಎಂಬ ಬಿ ಜೀವಸತ್ವ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ ಕೊಲೆಸ್ಟರಾಲ್ ಇಳಿಯುತ್ತದೆ ಎಂದು 1955ರಲ್ಲಿ ವರದಿ ಮಾಡಿದ ತಂಡದಲ್ಲಿದ್ದರು, ಆ ಮಾತು ಪರೀಕ್ಷೆಯಲ್ಲಿ ಉಳಿಯಿತು. ಅದೇ ಜೀವಸತ್ವದಿಂದ ಸ್ಕಿಜೋಫ್ರೇನಿಯಾ ಗುಣವಾಗುತ್ತದೆ ಎಂದರು. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ ಅದನ್ನು ತಳ್ಳಿಹಾಕಿತು. ಅವರ ಮಗ ಜಾನ್ ಹಾಫರ್ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ವೈದ್ಯ, ಪೌಷ್ಟಿಕ ಸಂಶೋಧಕ. ಹೆಚ್ಚಿನ ಪ್ರಮಾಣದ ಜೀವಸತ್ವದ ಬಗ್ಗೆ ಅಪ್ಪನಿಗಿದ್ದ ಆಸಕ್ತಿ ಮಗನಿಗೂ ಬಂತು. ಆದರೆ ಮಗ ಅದನ್ನು ಕ್ಲಿನಿಕಲ್ ಪ್ರಯೋಗದ ಕಟ್ಟಳೆಗೆ ಒಳಪಡಿಸಿದರು. ಮುಂದುವರಿದ ಕ್ಯಾನ್ಸರ್ ರೋಗಿಗಳಿಗೆ ರಕ್ತನಾಳದ ಮೂಲಕ ಜೀವಸತ್ವ ಸಿ ಕೊಟ್ಟು ನಡೆಸಿದ ಮೊದಲ ಹಂತದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು: ರೋಗಿಗಳು ತಾಳಿಕೊಂಡರು, ಗಡ್ಡೆ ಕುಗ್ಗಲಿಲ್ಲ. ಬೇಕಾದ ಉತ್ತರ ಬಾರದಿದ್ದರೂ ಬಂದದ್ದನ್ನೇ ಬರೆದು ಪ್ರಕಟಿಸಿದರು. ಅಪ್ಪನ ಪಟ ಹಾಕಿ ಹಾರ ತೊಡಿಸುವುದಕ್ಕಿಂತ ದೊಡ್ಡ ಗೌರವ ಇದು. ಹಿರಿಯರ ಮಾತನ್ನು ಪರೀಕ್ಷೆಗೆ ಒಡ್ಡದೆ ಕಾಪಾಡಿದರೆ ಅದು ಮಠವಾಗುತ್ತದೆ, ವಿಜ್ಞಾನ ಆಗುವುದಿಲ್ಲ.

ರಕ್ತಸಂಬಂಧವೇ ಬೇಕೆಂದೂ ಇಲ್ಲ. ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ 1918ರಲ್ಲಿ ಒಂದು ಕೋಣೆಯಲ್ಲಿ ಶುರುಮಾಡಿದ ಕೆಲಸ ಸಂಶೋಧನಾಲಯವಾಯಿತು, 1950ರ ದಶಕದ ಕೊನೆಗೆ ಹೈದರಾಬಾದಿಗೆ ಹೋಗಿ ಇಂದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆಯಾಯಿತು. ಕೂನೂರಿನ ಏಕ್ರಾಯ್ಡ್ 1937ರಲ್ಲಿ ಕೊಟ್ಟ ಭಾರತೀಯ ಆಹಾರಗಳ ಪೋಷಕಾಂಶ ಪಟ್ಟಿಯನ್ನು ಸಿ. ಗೋಪಾಲನ್ ಮತ್ತು ಸಂಗಡಿಗರು ವಿಸ್ತರಿಸಿದರು. 2017ರಲ್ಲಿ ಬಂದ ಹೊಸ ಪಟ್ಟಿಯಲ್ಲಿ 528 ಆಹಾರಗಳಿವೆ. ಪ್ರತಿ ತಲೆಮಾರೂ ಹಿಂದಿನವರ ಅಂಕಿಗಳನ್ನು ಮತ್ತೆ ಅಳೆದು ತಿದ್ದಿತು. ಇಂದು ಆಸ್ಪತ್ರೆಯ ಪಥ್ಯಾಹಾರ ತಜ್ಞೆ ರಾಗಿಯ ಕ್ಯಾಲ್ಸಿಯಂ ಎಷ್ಟೆಂದು ನೋಡುವುದು ಆ ಪಟ್ಟಿಯಲ್ಲೇ.

ಉಳಿದ ಕೆಲಸ

ನಿವೃತ್ತಿಯ ನಂತರ ಕಮಲಾ ಸೊಹೊನಿ ಮನೆಯಲ್ಲಿ ಕೂರಲಿಲ್ಲ. 1966ರಲ್ಲಿ ಹುಟ್ಟಿದ ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿಯಲ್ಲಿ ಸಕ್ರಿಯರಾಗಿದ್ದು, ಅದರ ಅಧ್ಯಕ್ಷೆಯೂ ಆದರು. ಅದರ ‘ಕೀಮತ್’ ಪತ್ರಿಕೆಗೆ ಗ್ರಾಹಕರ ಸುರಕ್ಷತೆಯ ಬಗ್ಗೆ ಬರೆದರು, ಮಕ್ಕಳಿಗಾಗಿ ಮರಾಠಿಯಲ್ಲಿ ವಿಜ್ಞಾನ ಪುಸ್ತಕಗಳನ್ನೂ ಬರೆದರು. ಬೇಳೆಯಲ್ಲಿ ನಿಜವಾದ ಪ್ರೋಟೀನ್ ಎಷ್ಟು ಎಂದು ಕೇಳಿದ ಹುಡುಗಿ, ಅಂಗಡಿಯವನು ಕೊಟ್ಟದ್ದರಲ್ಲಿ ನಿಜವಾದ ಸರಕು ಎಷ್ಟು ಎಂದು ಕೇಳುವ ಅಜ್ಜಿಯಾದಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮೊದಲ ಮಹಿಳಾ ಮಹಾನಿರ್ದೇಶಕಿ ಜಿ.ವಿ. ಸತ್ಯವತಿ ಕಮಲಾ ಅವರನ್ನು ದೆಹಲಿಗೆ ಕರೆಸಿ ಸನ್ಮಾನಿಸಿದರು. 1998ರಲ್ಲಿ ಕಮಲಾ ತೀರಿಕೊಂಡರು.

ದಾನಿಗಳ ಕುಟುಂಬಕ್ಕೂ ಸಭಿಕರಿಗೂ ನನ್ನ ವಿನಂತಿ ಒಂದೇ. ಕಮಲಾಗೆ ಮನೆಯಲ್ಲಿ ಇಬ್ಬರು ರಸಾಯನಜ್ಞರಿದ್ದರು. ಬಾಗಿಲು ಮುಚ್ಚಿದಾಗ, ಇದು ನನ್ನ ಜಾಗ ಎಂದು ನಿಲ್ಲುವ ಬಲ ಆಕೆಗೆ ಬಂದದ್ದು ಆ ಮನೆಯಿಂದ. ಇಂದು ನಮ್ಮ ತಾಲ್ಲೂಕು ಕಾಲೇಜುಗಳಲ್ಲಿ ಬಿ.ಎಸ್‌ಸಿ. ಓದುತ್ತಿರುವ ಎಷ್ಟೋ ಹೆಣ್ಣುಮಕ್ಕಳ ಮನೆಯಲ್ಲಿ ಪ್ರಯೋಗಶಾಲೆ ಕಂಡವರೇ ಇಲ್ಲ. ಉಪನ್ಯಾಸಗಳು ನಡೆಯಲಿ. ಅದರ ಜೊತೆಗೆ ಈ ದತ್ತಿಯ ಬಡ್ಡಿಯ ಒಂದು ಪಾಲು ಅಂಥ ಒಬ್ಬ ವಿದ್ಯಾರ್ಥಿನಿಗೆ ಪ್ರತಿ ಬೇಸಿಗೆ ರಜೆಯಲ್ಲಿ, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಒಂದು ಆಹಾರ ಪ್ರಯೋಗಶಾಲೆಯಲ್ಲಿ ಕೆಲಸ ಕಲಿಯಲು ಸಲ್ಲಲಿ. ಪ್ರಯಾಣ, ಊಟ, ವಸತಿಯ ಖರ್ಚು ಕೊಟ್ಟರೆ ಸಾಕು. ಹಾಗಾದರೆ ಮುಂದಿನ ಉಪನ್ಯಾಸಗಳಲ್ಲೊಂದನ್ನು ಅವಳೇ ಬಂದು ಕೊಡಬಹುದು.